ಮಗನಿಗೆ ವರ್ಷ ತುಂಬಿತು: ಕಂಡ ಕೈಗಳಿಗೂ ಕಾಣದ ಕೈಗಳಿಗೂ ನಮಸ್ಕಾರ

ನಮ್ಮ ಮಗನಿಗೆ ಈ ವಾರ ಒಂದು ವರ್ಷ ತುಂಬಿತು. ಹೋದ ವರ್ಷ ನಮ್ಮ ಜತೆ ನಿಂತವರಿಗೆ ಒಂದು ಮಾತು ಆಡುವ ಸ್ಥಿತಿಯಲ್ಲೂ ಆಗ ನಾವಿರಲಿಲ್ಲ. ಅವರೆಲ್ಲರಿಗೆ, ಎಲ್ಲರಿಗಿಂತ ಮೊದಲು ಶಿರಸಿಯ ತಾಯಿ ಮಾರಿಕಾಂಬೆಗೆ, ಈ ಬರಹ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅವನು ಹುಟ್ಟಿದ್ದು 28ನೇ ವಾರಕ್ಕೆ, ತೂಕ ಒಂದು ಕೆ.ಜಿ.ಗೂ ಕಡಿಮೆ. 37 ವಾರ ತುಂಬದೆ ಹುಟ್ಟಿದರೆ ದಿನ ತುಂಬದ ಮಗು ಎನ್ನುತ್ತಾರೆ. ಇವನು ಅದಕ್ಕೂ ಒಂಬತ್ತು ವಾರ ಮೊದಲೇ ಬಂದುಬಿಟ್ಟ. ಶಿರಸಿಯಲ್ಲಿ ನೋವು ಶುರುವಾಯಿತು, ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು, ಅಲ್ಲಿ ಹೆರಿಗೆಯಾಯಿತು. ಮಗುವನ್ನು ನನಗೆ ತೋರಿಸುವ ಮೊದಲೇ ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ವಾರ್ಡಿಗೆ, ಒಯ್ದರು. ನಾನು ಅವನನ್ನು ನೋಡಿದ್ದು ಮಾರನೇ ದಿನ, ಗಾಜಿನ ಪೆಟ್ಟಿಗೆಯ ಹೊರಗಿನಿಂದ. ಮೂಗಿಗೆ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ನಳಿಕೆ, ಬಾಯಿಗೆ ಹಾಲಿನ ನಳಿಕೆ, ಕಣ್ಣಿನವರೆಗೂ ಇಳಿದ ಟೋಪಿ. ಅಂಗೈ ನನ್ನ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು. ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಅವನಿಗೆ ಹೆಸರಿರಲಿಲ್ಲ, ನನ್ನ ಹೆಸರಿತ್ತು.

ಇಷ್ಟು ಬೇಗ ಹುಟ್ಟಿದ ಮಕ್ಕಳಿಗೆ ಉಸಿರಾಟ ನಡೆಸುವ ಮಿದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ. ನಡುನಡುವೆ ಉಸಿರು ನಿಂತುಬಿಡುತ್ತದೆ, ಮಾನಿಟರ್ ಕೂಗುತ್ತದೆ. ಅದು ಮೊದಲ ಸಲ ಕೂಗಿದಾಗ ನಾನು ಪಕ್ಕದಲ್ಲೇ ಇದ್ದೆ. ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ನನಗೆ ಕೂಗಲೂ ಬಾಯಿ ಬರಲಿಲ್ಲ. ಸಿಸ್ಟರ್ ಗಡಿಬಿಡಿಯಿಲ್ಲದೆ ಬಂದು, ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ, ಎರಡು ಬೆರಳಿನಿಂದ ಅವನ ಅಂಗಾಲನ್ನು ಮೆಲ್ಲಗೆ ತಟ್ಟಿದರು. ಮಗು ಮೈ ಮುರಿದು ಉಸಿರೆಳೆದುಕೊಂಡಿತು. "ಸಣ್ಣ ಕೂಸು ಉಸಿರಾಡೂದು ಮರೀತಾವ್ರೀ ಅಕ್ಕಾರ, ನಾವು ನೆನಪ ಮಾಡಬೇಕು" ಅಂದರು. ಆ ಸಿಸ್ಟರಿಗೆ ಇದು ದಿನವೂ ಮಾಡುವ ಕೆಲಸ. ನಾನು ಮಾತ್ರ ಆ ಎರಡು ಬೆರಳನ್ನು ಬದುಕಿರುವವರೆಗೂ ಮರೆಯಲಾರೆ.

ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಈಗ ಮಾನಿಟರ್ ಕೂಗಿದರೆ? ಸಿಸ್ಟರ್ ಇನ್ನೊಂದು ಮಗುವಿನ ಹತ್ತಿರ ಇದ್ದರೆ? ಒಂಬತ್ತು ತಿಂಗಳು ಒಳಗಿರಬೇಕಾದವನು ಗೋಡೆಯ ಆಚೆ ಇದ್ದಾನೆ, ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂಬುದೂ ತಾಯಿಗೆ ಗೊತ್ತಿಲ್ಲ. ಇಂಥ ಭಯವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನನ್ನ ಅತ್ತೆ ಊರಲ್ಲಿ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ, ಮಾರಿಕಾಂಬೆಗೆ ಮುಡಿಪು ಮಾಡಿ, ದೇವರ ಗೂಡಿನಲ್ಲಿಟ್ಟೇ ಹುಬ್ಬಳ್ಳಿಗೆ ಬಂದಿದ್ದರು. ನಾನು ಊಟ ಬಿಟ್ಟು ಕೂತಿದ್ದ ಒಂದು ರಾತ್ರಿ ತಟ್ಟೆ ತಂದು ಮುಂದಿಟ್ಟು ಹೇಳಿದರು: "ನಿನ್ನ ಕಣ್ಣಿಗೆ ಬೀಳದೇ ಇರೋ ಹೊತ್ತಲ್ಲಿ ಅವಳ ಕಣ್ಣಲ್ಲಿ ಇರ್ತಾನೆ ತಂಗೀ. ಉಣ್ಣು." ಆ ಮಾತಿನಿಂದ ಭಯ ಓಡಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಭಯ ಇದ್ದೇ ಇತ್ತು. ಅದನ್ನು ಇಳಿಸಿಡುವುದಕ್ಕೆ ಒಂದು ಜಾಗ ಸಿಕ್ಕಿತು, ಅಷ್ಟೇ. ಅಂದಿನಿಂದ ವಾರ್ಡಿನ ಬಾಗಿಲು ಹಾಕುವ ಹೊತ್ತಿಗೆ "ಅಮ್ಮಾ, ಬೆಳಗಾಗುವ ತನಕ ಇವನು ನಿನ್ನ ಮಗ" ಎಂದು ಒಪ್ಪಿಸಿ ಬರುತ್ತಿದ್ದೆ. ಒಪ್ಪಿಸಿದ ಮೇಲೆ ನಿದ್ದೆ ಬರುತ್ತಿತ್ತು.

ಕನಸಿಲ್ಲ, ಪ್ರಸಾದವಾಗಲಿಲ್ಲ, ಯಾವ ಸೂಚನೆಯೂ ಸಿಗಲಿಲ್ಲ. ತಾಯಿ ಕಾಯುತ್ತಿದ್ದ ರೀತಿ ನನಗೆ ತಿಳಿದದ್ದು ತಡವಾಗಿ, ಅದೂ ಡಾಕ್ಟರ ಬಾಯಿಂದ.

ಶಿರಸಿಯಲ್ಲಿ ಆಂಬುಲೆನ್ಸ್ ಹತ್ತಿಸುವ ಮೊದಲು ನನಗೊಂದು ಇಂಜೆಕ್ಷನ್ ಚುಚ್ಚಿದ್ದರು. ಯಾಕೆಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅದು ಸ್ಟೆರಾಯ್ಡ್, ತಾಯಿಗೆ ಕೊಟ್ಟರೆ ಹೊಟ್ಟೆಯಲ್ಲಿರುವ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ನಮ್ಮ ಶ್ವಾಸಕೋಶದ ಸಣ್ಣ ಗಾಳಿಗೂಡುಗಳ ಒಳಗೆ ಸರ್ಫ್ಯಾಕ್ಟೆಂಟ್ ಎಂಬ ತೆಳುವಾದ ಲೇಪವಿರುತ್ತದಂತೆ. ಅದು ಸಾಲದಿದ್ದರೆ ಉಸಿರು ಬಿಟ್ಟಾಗಲೆಲ್ಲ ಗೂಡುಗಳು ಮುಚ್ಚಿಕೊಳ್ಳುತ್ತವೆ, ಮತ್ತೆ ಬಿಡಿಸಲು ಮಗುವಿಗೆ ಶಕ್ತಿ ಇರುವುದಿಲ್ಲ. "ಆ ಇಂಜೆಕ್ಷನ್ ಅಲ್ಲೇ ಕೊಟ್ಟು ಕಳಿಸಿದ್ದು ಬಹಳ ಒಳ್ಳೆಯದಾಯಿತು" ಎಂದರು ಡಾಕ್ಟರು.

ಅದರ ಕಥೆಯನ್ನೂ ಅವರೇ ಹೇಳಿದರು. ನ್ಯೂಜಿಲೆಂಡಿನಲ್ಲಿ ಲಿಗಿನ್ಸ್ ಎಂಬ ವೈದ್ಯರು ಹೆರಿಗೆ ನೋವು ಹೇಗೆ ಶುರುವಾಗುತ್ತದೆ ಎಂದು ಕುರಿಗಳಲ್ಲಿ ಪರೀಕ್ಷೆ ಮಾಡುತ್ತಿದ್ದರು. ಬದುಕಲಾರದಷ್ಟು ಬೇಗ ಹುಟ್ಟಿದ್ದ ಒಂದು ಕುರಿಮರಿ ಉಸಿರಾಡುತ್ತಾ ಮಲಗಿದ್ದನ್ನು ಅವರು ಕಂಡರು. ಯಾಕೆಂದು ಬೆನ್ನು ಹತ್ತಿದರು. ಹೋವಿ ಎಂಬ ಇನ್ನೊಬ್ಬ ವೈದ್ಯರ ಜತೆ ಸೇರಿ ಗರ್ಭಿಣಿಯರಲ್ಲಿ ಪರೀಕ್ಷಿಸಿ, 1972ರಲ್ಲಿ ಪ್ರಕಟಿಸಿದರು. ಆಗ ನಾನಿನ್ನೂ ಹುಟ್ಟಿರಲಿಲ್ಲ.

ದೇವರ ಕಾಪು ಎಂದರೆ ನಾವು ಕೂಗಿದ ಮೇಲೆ ಹೊರಟು ಬರುವಂಥದ್ದು ಎಂದೇ ನಾನು ತಿಳಿದಿದ್ದೆ. ಅದು ನಾನು ಹುಟ್ಟುವ ಮೊದಲೇ ಹೊರಟಿತ್ತು. ನಾನು ಆಂಬುಲೆನ್ಸಿನಲ್ಲಿ "ಅಮ್ಮಾ ಕಾಪಾಡು" ಎಂದು ಅಳುತ್ತಿದ್ದಾಗ ಅದು ಆಗಲೇ ನನ್ನ ಮೈಯಲ್ಲಿ ಹರಿಯುತ್ತಿತ್ತು, ನನಗೆ ಗೊತ್ತಿರಲಿಲ್ಲ. ಅದು ವಿಜ್ಞಾನ, ದೇವರೆಲ್ಲಿ ಬಂದ ಎನ್ನುವವರ ಜತೆ ನನಗೆ ಜಗಳವಿಲ್ಲ. ಆ ವೈದ್ಯರ ಕಣ್ಣನ್ನು ಆ ಕುರಿಮರಿಯ ಕಡೆ ತಿರುಗಿಸಿದ್ದು ಯಾರೆಂಬುದು ನನ್ನ ಮಟ್ಟಿಗೆ ನನಗೆ ಗೊತ್ತು.

ಆಮೇಲೆ ಹುಡುಕಿದಲ್ಲೆಲ್ಲ ಇಂಥದ್ದೇ ಕಂಡಿತು. ಮಗನ ತೂಕ ಏರತೊಡಗಿದ್ದು ಕಾಂಗರೂ ಆರೈಕೆ ಶುರುವಾದ ಮೇಲೆ. ಬಟ್ಟೆಯಿಲ್ಲದ ಮಗುವನ್ನು ಎದೆಗೆ ಎದೆ ತಾಗಿಸಿ ಗಂಟೆಗಟ್ಟಲೆ ಕಟ್ಟಿಕೊಂಡಿರುವುದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಎಂಬ ಡಾಕ್ಟರು ಶುರು ಮಾಡಿದ ಕ್ರಮ. ನಾನು ದಣಿದಾಗ ನಮ್ಮ ಯಜಮಾನರು ಅಂಗಿ ಬಿಚ್ಚಿ ಕೂರುತ್ತಿದ್ದರು. ಅಡಿಕೆ ಕೊಯ್ಲಿನ ಲೆಕ್ಕ ಬಿಟ್ಟು ಬೇರೆ ಮಾತಾಡದ ಮನುಷ್ಯ, ಮಗನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಏನೋ ಹೇಳುತ್ತಿದ್ದರು. ಏನೆಂದು ಇವತ್ತಿಗೂ ನಾನು ಕೇಳಿಲ್ಲ.

ಮಗುವಿಗೆ ರಕ್ತ ಬೇಕಾದಾಗ ಹೆಸರು ಗೊತ್ತಿಲ್ಲದ ಯಾರದ್ದೋ ರಕ್ತ ಬಂತು, ಸಣ್ಣ ಸಿರಿಂಜಿನಲ್ಲಿ, ಕೆಲವೇ ಚಮಚ. ಆ ಪುಣ್ಯಾತ್ಮ ಯಾವತ್ತೋ ಕೊಟ್ಟು ಮನೆಗೆ ಹೋಗಿರುತ್ತಾರೆ. ಅವರು ಎಲ್ಲೇ ಇರಲಿ, ಅವರ ಮನೆ ತಣ್ಣಗಿರಲಿ. ದೊಡ್ಡ ಮಗಳನ್ನು ತಮ್ಮ ಮಗಳಂತೆ ನೋಡಿಕೊಂಡ ಪಕ್ಕದ ಮನೆಯ ಅಕ್ಕ, ಕೊಟ್ಟಿಗೆ ಕೆಲಸ ಹೊತ್ತ ಭಾವಂದಿರು, ರಾತ್ರಿ ಮಳೆಯಲ್ಲಿ ಆಂಬುಲೆನ್ಸ್ ಓಡಿಸಿದ ಅಣ್ಣ, ವಾರ್ಡಿನ ಆಯಾ, ಡಾಕ್ಟರುಗಳು, ಎಲ್ಲ ಸಿಸ್ಟರುಗಳು, ನಿಮಗೆಲ್ಲ ಕೈಮುಗಿದು ನಮಸ್ಕಾರ.

ಒಂದು ಮಾತು ಹೇಳದಿದ್ದರೆ ಈ ಬರಹ ಅಪೂರ್ಣ. ನಮ್ಮ ಪಕ್ಕದ ಪೆಟ್ಟಿಗೆಯ ಮಗು ಮನೆಗೆ ಹೋಗಲಿಲ್ಲ. ಅದರ ತಾಯಿಯೂ ನನ್ನಂತೆಯೇ ಬೇಡಿಕೊಂಡಿದ್ದಳು, ನನಗಿಂತ ಹೆಚ್ಚೇ ಉಪವಾಸ ಮಾಡಿದ್ದಳು. ಆದ್ದರಿಂದ "ನಿಮ್ಮ ಪೂರ್ವಪುಣ್ಯ ದೊಡ್ಡದು, ದೇವರು ಉಳಿಸಿಕೊಟ್ಟ" ಎಂದು ದಯವಿಟ್ಟು ಯಾರೂ ನನಗೆ ಹೇಳಬೇಡಿ. ಅವಳ ಪುಣ್ಯ ಕಡಿಮೆಯಿತ್ತು ಎಂದು ಅದರರ್ಥವಾಗುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಆ ಮಗುವನ್ನೂ ತಾಯಿ ಮಾರಿಕಾಂಬೆ ಬೆಳಗಿನವರೆಗೆ ಮಡಿಲಲ್ಲೇ ಇಟ್ಟುಕೊಂಡಿದ್ದಳೆಂದು ನಾನು ನಂಬಿದ್ದೇನೆ. ಯಾಕೆ ಹಿಂದಕ್ಕೆ ಕೊಡಲಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಕೇಳುವುದನ್ನೂ ನಾನು ಬಿಟ್ಟಿಲ್ಲ. ಹೊರಡುವ ದಿನ ಆ ತಂಗಿ ನನ್ನ ಮಗನ ಪೆಟ್ಟಿಗೆಯ ಹತ್ತಿರ ಬಂದು, "ಇದೊಂದು ಹುಷಾರಾಗ್ಲಿ" ಎಂದು ಗಾಜನ್ನು ಮುಟ್ಟಿ ಹೋದಳು. ನನ್ನ ಮೇಲಿರುವ ಅವಳ ಋಣ ದೊಡ್ಡದು.

ಮಗ ಈಗ ಅಂಬೆಗಾಲಿಡುತ್ತಾನೆ. ಬೇಗ ಹುಟ್ಟಿದ್ದರಿಂದ ಡಾಕ್ಟರು ಅವನ ವಯಸ್ಸನ್ನು ಇನ್ನೂ ಒಂಬತ್ತು ತಿಂಗಳೆಂದೇ ಲೆಕ್ಕ ಹಿಡಿಯುತ್ತಾರೆ. ಕಣ್ಣಿನ ಪರೀಕ್ಷೆ, ಕಿವಿಯ ಪರೀಕ್ಷೆ ಎಲ್ಲ ಸರಿಯಾಗಿವೆ. ರಾಗಿ ಮಣ್ಣಿ ಎಂದರೆ ಪ್ರಾಣ.

ನಾಡಿದ್ದು ಶುಕ್ರವಾರ ಮುಡಿಪು ಒಪ್ಪಿಸಿ ತಾಯಿಗೆ ಉಡಿ ತುಂಬುತ್ತೇವೆ. ಇದನ್ನು ಓದುತ್ತಿರುವ ಯಾರಾದರೂ ಈಗ ಅಂಥದ್ದೇ ಒಂದು ವಾರ್ಡಿನ ಹೊರಗೆ ಕೂತಿದ್ದರೆ, ಮಗುವಿನ ಹೆಸರು ಕಳಿಸಿ. ಅವನ ಹೆಸರಿನ ಜತೆ ಅದನ್ನೂ ಹೇಳಿ ಹಣ್ಣುಕಾಯಿ ಮಾಡಿಸುತ್ತೇವೆ. ಇನ್ನೂ ಹೆಸರಿಟ್ಟಿಲ್ಲದಿದ್ದರೆ ತಾಯಿಯ ಹೆಸರು ಸಾಕು.