ಮೇಘಾಗೆ, ‘ಕಮೆನ್ಸ್’ ಬಗ್ಗೆ ನಾಲ್ಕು ಮಾತು

ಬಸವನಗುಡಿ, ಬೆಂಗಳೂರು

ಚಿ. ಮೇಘಾಗೆ ದೊಡ್ಡಮ್ಮನ ಆಶೀರ್ವಾದಗಳು.

ಹೊಸ ಆಫೀಸಿಗೆ ಬರೆದ ಮೇಲ್ ಕಳಿಸಿ, ಒಂದ್ಸಲ ನೋಡಿಕೊಡಿ ಅಂದೆಯಲ್ಲ, ತುಂಬ ಸಂತೋಷವಾಯ್ತು. ನಾಲ್ಕು ಸಾಲಿನಲ್ಲಿ ಮೂರು ಸಲ, ಶುರು ಅನ್ನುವುದಕ್ಕೆ ‘ಕಮೆನ್ಸ್’ (commence) ಬಂದಿದೆ. ಕೆಲಸ ಕಮೆನ್ಸ್, ಟ್ರೈನಿಂಗ್ ಕಮೆನ್ಸ್, ಬೆಳಿಗ್ಗೆ ಮನೆ ಬಿಡುವುದೂ ಕಮೆನ್ಸ್. ಅರ್ಥ ತಪ್ಪಿಲ್ಲ ಕಣೇ. ಜಾಗ ತಪ್ಪಿದೆ.

ನಮ್ಮ ಮಾತನ್ನೇ ನೋಡು. ಮಳೆ ಶುರುವಾಯ್ತು, ಬಟ್ಟೆ ತೆಗಿ ಅಂತೀವಿ. ಮಳೆ ಪ್ರಾರಂಭಗೊಂಡಿದೆ ಅಂತ ಮನೇಲಿ ಯಾರಾದ್ರೂ ಕೂಗ್ತಾರಾ? ಆಹ್ವಾನ ಪತ್ರಿಕೆಯಲ್ಲಿ ‘ಕಾರ್ಯಕ್ರಮ ಸಂಜೆ 6ಕ್ಕೆ ಪ್ರಾರಂಭ’ ಅಂದರೆ ಮಾತ್ರ ಚೆನ್ನಾಗಿ ಕೂರುತ್ತೆ. ಇಂಗ್ಲಿಷಿನಲ್ಲೂ ಹಾಗೇ. ‘ಬಿಗಿನ್’ ಅಲ್ಲಿಯ ಹಳೇ ಮನೆಮಾತು. ‘ಕಮೆನ್ಸ್’ ಫ್ರೆಂಚಿನಿಂದ ಬಂದದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚ್ ನಡೆಯಿತು. ಆ ಕೋರ್ಟಿನ ಗತ್ತು ಈ ಪದಕ್ಕೆ ಇವತ್ತಿಗೂ ಅಂಟಿಕೊಂಡಿದೆ.

ನಮ್ಮ ಸಂವಿಧಾನದ 394ನೇ ವಿಧಿಯ ಹೆಸರೇ ‘ಕಮೆನ್ಸ್‌ಮೆಂಟ್’. ಪೌರತ್ವದಂಥ ಕೆಲವು ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು, ಉಳಿದವು 1950ರ ಜನವರಿ 26ರಂದು. ಹಕ್ಕು, ಹೊಣೆ ಯಾವ ದಿನದಿಂದ ಲೆಕ್ಕ ಅಂತ ಹೇಳುವ ಪದ ಅದು.

ಇದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯ್ತು. ಮಹಡಿ ಮನೆಯನ್ನು ಮೊದಲ ಸಲ ಬಾಡಿಗೆಗೆ ಕೊಟ್ಟಾಗ ಕರಾರು ಪತ್ರ ನಾನೇ ಟೈಪ್ ಮಾಡಿದೆ. ವಕೀಲರ ಆಫೀಸಿನಲ್ಲಿ ಅಷ್ಟು ವರ್ಷ ಟೈಪ್ ಮಾಡಿದವಳು. ‘11 ತಿಂಗಳು, ಕಮೆನ್ಸಿಂಗ್’ ಅಂತ ಬರೆದು ತಾರೀಖಿನ ಜಾಗ ಖಾಲಿ ಬಿಟ್ಟೆ, ಆಮೇಲೆ ಪೆನ್ನಿನಲ್ಲಿ ತುಂಬಿಸಿದರಾಯ್ತು ಅಂತ. ಸಹಿ ಆದದ್ದು 20ನೇ ತಾರೀಖು, ಅವರು ಸಾಮಾನು ತಂದದ್ದು ಮುಂದಿನ ತಿಂಗಳು 1ಕ್ಕೆ. ಬಿಡುವಾಗ ಆ ಹತ್ತು ದಿನದ ಬಾಡಿಗೆಗೆ ಜಗಳ. ಸ್ಟ್ಯಾಂಪ್ ಪೇಪರ್ ತೆಗೆದು ನೋಡಿದರೆ ಆ ಜಾಗದಲ್ಲಿ ಬರೀ ಚುಕ್ಕಿಗಳು. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ತಗೊಂಡು ಇದ್ದವರು, ಹೋಗುವಾಗ ಮುಖ ಕೊಟ್ಟು ಮಾತಾಡಲಿಲ್ಲ. ನನಗೆ ಈಗಲೂ ಬೇಜಾರಿದೆ.

ಬರೆಯುವ ರೀತಿಗೆ ಬಂದರೆ, ಸ್ಪೆಲಿಂಗಿನಲ್ಲಿ ‘ಎಂ’ ಎರಡು. ನೀನು ಒಂದೇ ಹಾಕಿದ್ದೀಯ. ‘ಕಮೆನ್ಸ್ ಟು ವರ್ಕ್’ ಬೇಡ, ‘ಕಮೆನ್ಸ್ ವರ್ಕ್’ ಸಾಕು. ಸೋಮವಾರ ಅನ್ನುವುದಕ್ಕೆ ‘ಆನ್ ಮಂಡೇ’ ಬರೆ. ‘ಕಮೆನ್ಸ್ ಫ್ರಮ್’ ನಮ್ಮ ಕಡೆ ಜಾಸ್ತಿ, ಆದರೂ ‘ಆನ್’ ಶುದ್ಧ. ಗಾಡಿ, ಮಿಕ್ಸಿಗೆ ಯಾವತ್ತೂ ‘ಸ್ಟಾರ್ಟ್’. ಹಾಂ, ಅಮೆರಿಕದಲ್ಲಿ ಕಾಲೇಜಿನ ಪದವಿ ಪ್ರದಾನಕ್ಕೇ ‘ಕಮೆನ್ಸ್‌ಮೆಂಟ್’ ಅಂತಾರೆ. ಓದು ಮುಗಿಯುವ ದಿನಕ್ಕೆ ಆರಂಭ ಅನ್ನೋ ಹೆಸರು, ನನಗೆ ತುಂಬ ಇಷ್ಟ.

ನಿನ್ನ ಮೇಲ್‌ನಲ್ಲಿ ಮೂರೂ ಕಡೆ ‘ಸ್ಟಾರ್ಟ್’ ಹಾಕು. ದೊಡ್ಡ ಪದ ಇಲ್ಲ ಅಂತ ಯಾರೂ ನಿನ್ನನ್ನು ಕಡಿಮೆ ಅಂದುಕೊಳ್ಳಲ್ಲ, ಹೆದರಬೇಡ. ಆಫೀಸಿನವರು ಕೊಟ್ಟ ಆಫರ್ ಲೆಟರ್‌ನಲ್ಲಿ ಆ ಪದ ಎಲ್ಲಿದೆ ಅಂತ ಹುಡುಕು, ಪಕ್ಕದ ತಾರೀಖು ಸರಿಯಾಗಿದೆಯಾ ನೋಡಿ ಆಮೇಲೆ ಸಹಿ ಮಾಡು. ರೂಮಿನ ಕರಾರು ಪತ್ರವನ್ನೂ ಭಾನುವಾರ ಬರುವಾಗ ತಗೊಂಡು ಬಾ. ಕೂತು ಇಬ್ಬರೂ ಓದೋಣ.

ಇಂತಿ ನಿನ್ನ ದೊಡ್ಡಮ್ಮ