ಐರನ್ ಜೈಂಟ್ ಮಾಡಿದೋರಿಗೆ, ನಮ್ಮನೆ ಕಡೆಯಿಂದ

ಅಕ್ಕ ಹೋಗಿ ಒಂದು ವರ್ಷ ಆಯ್ತು. ಈ ವರ್ಷ ನಮ್ಮ ಜೊತೆ ನಿಂತೋರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣ ಅಂತ ಇದ್ದೆ, ಆದ್ರೆ ಎರಡನೇ ಮಾತಿಗೇ ನನ್ನ ಗಂಟಲು ಕಟ್ಟುತ್ತೆ, ಆ ಕಡೆಯವರು 'ಇರ್ಲಿ ಬಿಡೋ' ಅಂತಾರೆ, ಅಲ್ಲಿಗೆ ಮಾತು ಮುಗೀತು. ಅದಕ್ಕೇ ಬರೀತಿದೀನಿ. ಥ್ಯಾಂಕ್ಸ್ ಹೇಳ್ಬೇಕಾದವರಲ್ಲಿ ಕೆಲವರು ನಮಗೆ ಪರಿಚಯನೇ ಇಲ್ಲದವರು, ಇದನ್ನ ಅವರು ಓದೋದೂ ಇಲ್ಲ, ಒಬ್ಬಿಬ್ಬರು ಈಗ ಬದುಕೇ ಇಲ್ಲ. ಆದ್ರೂ ಮೊದಲು ಅವರಿಗೇ ಹೇಳ್ತೀನಿ, ಯಾಕಂದ್ರೆ ನಾವು ಇಷ್ಟು ಜನ ದೊಡ್ಡವರು ಸೇರಿ ಆಗದ ಒಂದು ಕೆಲಸನ ಅವರ ಒಂದು ಕಾರ್ಟೂನ್ ಸಿನಿಮಾ ಮಾಡ್ತು.

ಅಕ್ಕನ ಮಗ, ನನ್ನ ಅಳಿಯ, ಅವನ ಹೆಸರು ಇಲ್ಲಿ ಬೇಡ, ಪುಟ್ಟ ಅಂತ ಇಟ್ಕೊಳ್ಳಿ. ಅಮ್ಮ ಹೋದ್ಮೇಲೆ ಅವನು ಅತ್ತಿದ್ದು ಕಡಿಮೆ, ಆದ್ರೆ ಪ್ರಶ್ನೆ ಕೇಳೋದನ್ನೇ ನಿಲ್ಸಿಬಿಟ್ಟಿದ್ದ, ಮೊದಲೆಲ್ಲ ಪ್ರಶ್ನೆ ಕೇಳಿ ಕೇಳಿ ತಲೆ ತಿಂತಿದ್ದ ಹುಡುಗ. ಮನೆಗೆ ಬಂದೋರೆಲ್ಲ 'ಅಮ್ಮ ನಕ್ಷತ್ರ ಆಗಿದ್ದಾಳೆ ಪುಟ್ಟಾ', 'ಅಮ್ಮ ದೇವರ ಹತ್ರ ಇದ್ದಾಳೆ' ಅಂತ ಒಂದೊಂದು ಕಥೆ ಹೇಳಿ ಹೋಗೋರು. ಟಿವಿಲಿ ಯಾರಾದ್ರೂ ಸತ್ರೆ ನಾವು ಚಾನೆಲ್ ಚೇಂಜ್ ಮಾಡ್ತಿದ್ವಿ. ಅವನೂ ಅದನ್ನ ನೋಡಿ, ಓಹೋ ಈ ಮನೇಲಿ ಈ ವಿಷಯ ಎತ್ತಬಾರದು ಅಂತ ತಾನೇ ಅರ್ಥ ಮಾಡ್ಕೊಂಡಿದ್ದ ಅಂತ ಈಗ ಅನ್ಸುತ್ತೆ. ಆಗ ನನ್ನ ಹೆಂಡತಿಯ ಕಲೀಗ್ ಒಬ್ಬರು, ಅವರೂ ಚಿಕ್ಕ ವಯಸ್ಸಲ್ಲೇ ಅಪ್ಪನ್ನ ಕಳ್ಕೊಂಡವರು, ದಿ ಐರನ್ ಜೈಂಟ್ ಅಂತ ಒಂದು ಹಳೇ ಸಿನಿಮಾ ಇದೆ, ಅವನ ಜೊತೆ ಕೂತು ನೋಡಿ, ಅವನೊಬ್ಬನನ್ನೇ ಬಿಡ್ಬೇಡಿ ಅಂತ ಹೇಳಿದ್ರು. ಮೇಡಂ, ನೀವು ಇದನ್ನ ಓದ್ತೀರ ಅಂತ ಗೊತ್ತು, ಮೊದಲ ಥ್ಯಾಂಕ್ಸ್ ನಿಮಗೆ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು 1999ರ ಆಗಸ್ಟಲ್ಲಿ ಅಮೆರಿಕದಲ್ಲಿ ರಿಲೀಸ್ ಆದ ಅನಿಮೇಶನ್ ಸಿನಿಮಾ, ವಾರ್ನರ್ ಬ್ರದರ್ಸ್‌ದು, ಡೈರೆಕ್ಟರ್ ಬ್ರ್ಯಾಡ್ ಬರ್ಡ್. ಕಥೆ ನಡೆಯೋದು 1957ರಲ್ಲಿ, ರಷ್ಯಾದೋರು ಸ್ಪುಟ್ನಿಕ್ ಅನ್ನೋ ಮೊದಲ ಉಪಗ್ರಹ ಹಾರಿಸಿ ಅಮೆರಿಕದೋರೆಲ್ಲ ಯಾವಾಗ ಮೇಲಿಂದ ಬಾಂಬ್ ಬೀಳುತ್ತೋ ಅಂತ ಹೆದರ್ಕೊಂಡಿದ್ದ ಟೈಮು. ಮೇನ್ ರಾಜ್ಯದ ರಾಕ್‌ವೆಲ್ ಅನ್ನೋ ಊರಲ್ಲಿ ಹೋಗಾರ್ಥ್ ಅಂತ ಒಬ್ಬ ಹುಡುಗ, ಅಮ್ಮ ಹೋಟೆಲಲ್ಲಿ ಸಪ್ಲೈಯರ್, ಮನೇಲಿ ಇವರಿಬ್ಬರೇ. ಆಕಾಶದಿಂದ ಬಿದ್ದ ಒಂದು ದೈತ್ಯ ರೋಬೋ ರಾತ್ರಿ ಕರೆಂಟ್ ಸ್ಟೇಷನ್ನಿನ ತಂತಿಗೆ ಸಿಕ್ಕಿಹಾಕ್ಕೊಂಡು ಒದ್ದಾಡ್ತಿರುತ್ತೆ, ಈ ಹುಡುಗ ಹೋಗಿ ಮೇನ್ ಸ್ವಿಚ್ ಆಫ್ ಮಾಡಿ ಅದನ್ನ ಉಳಿಸ್ತಾನೆ, ಅಲ್ಲಿಂದ ದೋಸ್ತಿ. ರೋಬೋ ಕಬ್ಬಿಣನೇ ತಿನ್ನೋದು, ಕಾರು, ರೈಲು ಹಳಿ, ಸಿಕ್ಕಿದ್ದೆಲ್ಲ. ಕೈ ಕಳಚಿ ಬಿದ್ದು ಮನೆಯೊಳಗೆ ನಾಯಿಮರಿ ಥರ ಓಡಾಡೋ ಸೀನಲ್ಲಿ ಪುಟ್ಟ ಎಷ್ಟೋ ತಿಂಗಳಾದ್ಮೇಲೆ ಬಾಯ್ಬಿಟ್ಟು ನಕ್ಕ. ಆ ಅರ್ಧ ಗಂಟೆಗೇ ನಾನು ಟಿಕೆಟ್ ದುಡ್ಡು ಕೊಡೋಕೆ ರೆಡಿ.

ಆ ಹುಡುಗನಿಗೆ ಅಪ್ಪ ಯಾಕಿಲ್ಲ ಅಂತ ಸಿನಿಮಾದಲ್ಲಿ ಯಾರೂ ಬಾಯ್ಬಿಟ್ಟು ಹೇಳಲ್ಲ. ರೂಮಲ್ಲಿ ಹಾಸಿಗೆ ಪಕ್ಕ ಒಬ್ಬ ಪೈಲಟ್‌ದು ಫೋಟೋ ಇರುತ್ತೆ, ಅಷ್ಟೇ. ನಾನು ಗಮನಿಸಿರ್ಲಿಲ್ಲ. ಪುಟ್ಟ ತೋರಿಸಿದ, 'ಮಾಮ, ಅವನ ಅಪ್ಪನೂ ಹೋಗಿದ್ದಾರೆ.' ಟೋನ್ ಹೇಗಿತ್ತು ಅಂದ್ರೆ ತನ್ನ ಸ್ಕೂಲಿನ ಹುಡುಗ ಒಬ್ಬ ಇಲ್ಲಿ ಸಿಕ್ಕಿದ ಅನ್ನೋ ಹಾಗೆ.

ಆಮೇಲೆ ಜಿಂಕೆ ಸೀನು. ಕಾಡಲ್ಲಿ ರೋಬೋ ಒಂದು ಜಿಂಕೆನ ನೋಡಿ ಬೆರಳು ಚಾಚುತ್ತೆ, ಜಿಂಕೆ ಹತ್ರ ಬರುತ್ತೆ, ಆಮೇಲೆ ಹೊರಟುಹೋಗುತ್ತೆ, ಸ್ವಲ್ಪ ಹೊತ್ತಲ್ಲೇ ಗುಂಡಿನ ಸದ್ದು. ಬೇಟೆಗಾರರು ಹೊಡೆದಿರ್ತಾರೆ. ರೋಬೋ ಬಂದು ಸತ್ತ ಜಿಂಕೆನ ಬೆರಳಲ್ಲಿ ಮೆಲ್ಲಗೆ ಮುಟ್ಟಿ ಎಬ್ಬಿಸೋಕೆ ನೋಡುತ್ತೆ. ಅವತ್ತು ರಾತ್ರಿ ಗುಜರಿ ಯಾರ್ಡಲ್ಲಿ ಕೂತು ಅದು ಕೇಳುತ್ತೆ, ನೀನೂ ಸಾಯ್ತೀಯಾ, ನಾನೂ ಸಾಯ್ತೀನಾ ಅಂತ. ಹುಡುಗ ಸುಳ್ಳು ಹೇಳಲ್ಲ. ಕೊಲ್ಲೋದು ತಪ್ಪು, ಆದ್ರೆ ಸಾಯೋದು ತಪ್ಪಲ್ಲ ಅಂತಾನೆ, ಒಳಗೆ ಆತ್ಮ ಅಂತ ಒಂದಿರುತ್ತಂತೆ, ಅದು ಸಾಯಲ್ಲ ಅಂತ ಅಮ್ಮ ಹೇಳಿದ್ಳು ಅಂತಾನೆ, ಅದನ್ನೂ ತನಗೆ ಎಲ್ಲಾ ಗೊತ್ತು ಅನ್ನೋ ಹಾಗೆ ಹೇಳಲ್ಲ, ಕೇಳಿದ್ದನ್ನ ಕೇಳಿದ ಹಾಗೆ ಹೇಳ್ತಾನೆ. ಬ್ಯಾಕ್‌ಗ್ರೌಂಡಲ್ಲಿ ಗೋಳಾಡಿಸೋ ಮ್ಯೂಸಿಕ್ ಇಲ್ಲ, ಅಪ್ಪಿಕೊಳ್ಳೋದಿಲ್ಲ.

ನನ್ನ ಕೈ ರಿಮೋಟ್ ಕಡೆ ಹೋಗಿತ್ತು, ಅಭ್ಯಾಸ ಬಲ. ಅಷ್ಟರಲ್ಲಿ ಪುಟ್ಟನೇ ಪಾಸ್ ಒತ್ತಿದ. ಸ್ಕ್ರೀನ್ ನೋಡ್ಕೊಂಡೇ ಕೇಳಿದ, 'ಮಾಮ, ಅಮ್ಮನಿಗೆ ಗೊತ್ತಿತ್ತಾ?'

ಗೊತ್ತಿತ್ತು ಕಣೋ ಅಂದೆ.

ಆಮೇಲೆ ಕೇಳಿದ ನೋಡಿ ಒಂದರ ಹಿಂದೆ ಒಂದು, ನೋವಾಗ್ತಿತ್ತಾ, ನನ್ನ ಬಗ್ಗೆ ಏನಂದ್ಲು, ಕೊನೇ ದಿನ ನನ್ನ ಯಾಕೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ, ನಾನು ಅವತ್ತು ಹಠ ಮಾಡಿದ್ದಕ್ಕೆ ಏನಾದ್ರೂ ಹಿಂಗಾಯ್ತಾ. ಇಷ್ಟು ತಿಂಗಳು ಈ ಕೊನೇ ಪ್ರಶ್ನೆನ ಆ ಮಗು ಒಬ್ಬನೇ ಒಳಗಿಟ್ಕೊಂಡಿದ್ದ. ಭಾವ ಬಂದು ಅವನ ಪಕ್ಕ ನೆಲದ ಮೇಲೆ ಕೂತ್ರು, ಅರ್ಧ ಉತ್ತರ ನಾನು, ಅರ್ಧ ಅವರು ಹೇಳಿದ್ವಿ. ಸಿನಿಮಾ ಅವತ್ತು ಮುಂದೆ ಓಡಲೇ ಇಲ್ಲ, ಉಳಿದಿದ್ದು ಮಾರನೇ ದಿನ ನೋಡಿದ್ದು.

ಆಮೇಲೆ ನಾನು ಕುತೂಹಲಕ್ಕೆ ಈ ಸಿನಿಮಾ ಮಾಡಿದೋರು ಯಾರು ಅಂತ ಹುಡುಕ್ತಾ ಹೋದೆ. ಇದರ ಮೂಲ, ಇಂಗ್ಲೆಂಡಿನ ಕವಿ ಟೆಡ್ ಹ್ಯೂಸ್ 1968ರಲ್ಲಿ ತಂದ ಒಂದು ಮಕ್ಕಳ ಪುಸ್ತಕ. ಅವರ ಹೆಂಡತಿ, ಅವರೂ ದೊಡ್ಡ ಕವಿ, ಸಿಲ್ವಿಯಾ ಪ್ಲಾತ್, 1963ರಲ್ಲಿ ತೀರಿಕೊಂಡಾಗ ಮಕ್ಕಳಿಬ್ಬರೂ ತೀರಾ ಚಿಕ್ಕವರು. ಅಮ್ಮ ಇಲ್ಲದ ಆ ಮಕ್ಕಳನ್ನ ಎದುರಿಗಿಟ್ಕೊಂಡ ಅಪ್ಪ ಹೇಳಿದ ಕಥೆ ಇದು, ಚೂರುಚೂರಾದ್ರೂ ಮತ್ತೆ ಕೂಡ್ಕೊಳ್ಳೋ ಒಬ್ಬ ಕಬ್ಬಿಣದ ಮನುಷ್ಯನ ಕಥೆ. ಸಿನಿಮಾ ಥಿಯೇಟರಿಗೆ ಬರೋ ಮೊದಲೇ, 1998ರ ಅಕ್ಟೋಬರಲ್ಲಿ, ಹ್ಯೂಸ್ ಹೋಗಿಬಿಟ್ರು.

ಬ್ರ್ಯಾಡ್ ಬರ್ಡ್ ಕಥೆ ಇನ್ನೂ ಗಟ್ಟಿ. ಅವರ ಒಡಹುಟ್ಟಿದವಳು ಸೂಸನ್, 1989ರಲ್ಲಿ ಗುಂಡೇಟಿಗೆ ಬಲಿಯಾದವಳು. ಹೊಡೆದಿದ್ದು ಹೊರಗಿನವರಲ್ಲ, ಗಂಡನೇ. ಬರ್ಡ್ ಸ್ಟುಡಿಯೋದವರ ಹತ್ರ ಹೋಗಿ ಈ ಸಿನಿಮಾ ಬಗ್ಗೆ ಹೇಳಿದ ಐಡಿಯಾ ಒಂದೇ ಸಾಲಿಂದು, ಒಂದು ಬಂದೂಕಿಗೆ ಆತ್ಮ ಇದ್ದು, ಅದಕ್ಕೆ ಬಂದೂಕಾಗಿರೋಕೆ ಇಷ್ಟ ಇಲ್ಲದೇ ಹೋದ್ರೆ ಹೇಗೆ ಅಂತ. ಸಿನಿಮಾನ ಹ್ಯೂಸ್ ಮತ್ತು ಸೂಸನ್ ಇಬ್ಬರಿಗೂ ಅರ್ಪಣೆ ಮಾಡಿದ್ದಾರೆ. ಇದನ್ನ ಓದಿದ ದಿನ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಅಕ್ಕನ್ನ ಕಳ್ಕೊಂಡ ತಮ್ಮ ನಾನು, ಆಫೀಸಿಗೆ ಹೋಗಿ ನೆಟ್ಟಗೆ ಒಂದು ಮೇಲ್ ಬರೆಯೋಕೆ ಆಗ್ತಿರ್ಲಿಲ್ಲ, ಆ ಮನುಷ್ಯ ಅದೇ ಸಂಕಟ ಇಟ್ಕೊಂಡು ಮಕ್ಕಳು ನಗೋ ಸಿನಿಮಾ ಮಾಡಿದ್ದಾನೆ. ಆ ಜಿಂಕೆ ಸೀನಲ್ಲಿ ಯಾಕೆ ಒಂದು ಸುಳ್ಳೂ ಇಲ್ಲ ಅಂತ ಆಗ ಗೊತ್ತಾಯ್ತು.

ಥ್ಯಾಂಕ್ಸ್ ಹೇಳ್ಬೇಕಾದ ಇನ್ನೊಂದಿಷ್ಟು ಜನ ಅಂದ್ರೆ ಆ ಅನಿಮೇಟರ್‌ಗಳು. ಮನುಷ್ಯರು, ಕಾಡು, ಊರು ಎಲ್ಲಾ ಕೈಯಲ್ಲಿ ಬಿಡಿಸಿದ್ದು, ರೋಬೋ ಮಾತ್ರ ಕಂಪ್ಯೂಟರಲ್ಲಿ ಮಾಡಿದ್ದು. ಕಂಪ್ಯೂಟರ್ ಎಳೆದ ಗೆರೆ ಸ್ಕೇಲಿಟ್ಟು ಎಳೆದ ಹಾಗೆ ನೀಟಾಗಿರುತ್ತೆ, ಕೈಯಲ್ಲಿ ಬಿಡಿಸಿದ ಹುಡುಗನ ಪಕ್ಕ ನಿಲ್ಸಿದ್ರೆ ಬೇರೆ ಸಿನಿಮಾದಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತೆ. ಅದಕ್ಕೆ ಇವರು ಏನ್ ಮಾಡಿದ್ರು ಗೊತ್ತಾ, ಆ ಗೆರೆನ ಸ್ವಲ್ಪ ಸ್ವಲ್ಪ ನಡುಗಿಸೋಕೆ ಅಂತಲೇ ಒಂದು ಸಾಫ್ಟ್‌ವೇರ್ ಬರೆದ್ರು, ಮನುಷ್ಯನ ಕೈ ಹೇಗೆ ಅಲ್ಲಾಡುತ್ತೋ ಹಾಗೆ. ನಾನು ಸಾಫ್ಟ್‌ವೇರ್ ಕೆಲಸದವನು, ತಪ್ಪು ತೆಗೆಯೋಕೆ ಕೋಡ್ ಬರೀತೀವಿ, ತಪ್ಪು ಸೇರ್ಸೋಕೆ ಇಷ್ಟು ಶ್ರದ್ಧೆಯಿಂದ ಕೋಡ್ ಬರೆದೋರನ್ನ ಕಂಡ್ರೆ ಕೈ ಮುಗಿಯೋಣ ಅನ್ಸುತ್ತೆ. ರೋಬೋ ಅನಿಮೇಶನ್ ನೋಡ್ಕೊಂಡ ಸ್ಟೀವ್ ಮಾರ್ಕೋವ್‌ಸ್ಕಿ, ಇಡೀ ಅನಿಮೇಶನ್ ಟೀಮಿನ ಮುಖ್ಯಸ್ಥ ಟೋನಿ ಫುಚಿಲೆ, ಸ್ಕ್ರಿಪ್ಟ್ ಬರೆದ ಟಿಮ್ ಮೆಕ್‌ಕ್ಯಾನ್ಲಿಸ್, ಎಲ್ಲರಿಗೂ. ಮ್ಯೂಸಿಕ್ ಮಾಡಿದ ಮೈಕಲ್ ಕೇಮನ್ 2003ರಲ್ಲೇ ಹೋದ್ರು, ಪ್ರಾಗ್‌ಗೆ ಹೋಗಿ ಚೆಕ್ ಫಿಲ್‌ಹಾರ್ಮೋನಿಕ್ ಅನ್ನೋ ಆರ್ಕೆಸ್ಟ್ರಾ ಹತ್ರ ನುಡಿಸಿದ್ದು, ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಿದ್ದ ಮನುಷ್ಯ.

ಇಷ್ಟೆಲ್ಲಾ ಮಾಡಿದ ಸಿನಿಮಾ ಥಿಯೇಟರಲ್ಲಿ ಓಡ್ಲಿಲ್ಲ. ಅದಕ್ಕಿಂತ ಮುಂಚೆ ಸ್ಟುಡಿಯೋದ ಇನ್ನೊಂದು ಅನಿಮೇಶನ್ ಸಿನಿಮಾ ಮಕಾಡೆ ಮಲಗಿತ್ತು, ಹಾಗಾಗಿ ಇದಕ್ಕೆ ದುಡ್ಡೂ ಕಡಿಮೆ, ಟೈಮೂ ಕಡಿಮೆ, ಪಬ್ಲಿಸಿಟಿ ಅಂತೂ ಕೇಳಲೇಬೇಡಿ. ಪ್ರಪಂಚದಾದ್ಯಂತ ಸೇರಿ 3 ಕೋಟಿ ಡಾಲರ್ ಚಿಲ್ಲರೆ ಬಂತು, ಹಾಕಿದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಅನಿಮೇಶನ್‌ನವರೇ ಕೊಡೋ ಆ್ಯನಿ ಅವಾರ್ಡ್ 9 ಬಂದ್ವು ಅನ್ನಿ. ಆಮೇಲೆ ವಿಡಿಯೋ, ಟಿವಿ, ಬಾಯಿಂದ ಬಾಯಿಗೆ ಹಬ್ಬಿ 2015ರಲ್ಲಿ ಮತ್ತೆ ಥಿಯೇಟರಿಗೆ ಬಂತು. ರಿಲೀಸ್ ವಾರ ಖಾಲಿ ಸೀಟು ನೋಡಿ ಮನೆಗೆ ಹೋದ ಆ ಅನಿಮೇಟರ್‌ಗಳಿಗೆ, ಇಷ್ಟು ವರ್ಷ ಆದ್ಮೇಲೆ, ಇನ್ನೊಂದು ದೇಶದ ಒಂದು ಮನೇಲಿ ಒಂದು ಮಗು ತನ್ನ ಅಮ್ಮನ ಬಗ್ಗೆ ಮಾತಾಡೋಕೆ ಶುರು ಮಾಡ್ತು ಅಂತ ಯಾರಾದ್ರೂ ಹೇಳಿದ್ರೆ ಚೆನ್ನಾಗಿತ್ತು. ಪರಿಚಯ ಇರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಒಂದು ತಕರಾರೂ ಇದೆ, ಇರ್ಲಿ ಹೇಳಿಬಿಡ್ತೀನಿ. ಕೊನೇಲಿ ಊರಿನ ಮೇಲೆ ಬೀಳೋಕೆ ಬರ್ತಿರೋ ಮಿಸೈಲ್ ಕಡೆಗೆ ರೋಬೋ ತಾನೇ ಹಾರಿಹೋಗುತ್ತೆ, ಹೋಗೋ ಮುಂಚೆ ಹುಡುಗನಿಗೆ ನೀನು ಇಲ್ಲೇ ಇರು, ಹಿಂದೆ ಬರಬೇಡ ಅನ್ನುತ್ತೆ, ಸಿನಿಮಾ ಶುರುವಲ್ಲಿ ಹುಡುಗ ಅದಕ್ಕೆ ಹೇಳಿದ್ದ ಮಾತೇ ಅದು. ಆ ಸೀನಿಗೆ ಭಾವ ನೀರು ಕುಡೀತೀನಿ ಅಂತ ಅಡುಗೆಮನೆಗೆ ಎದ್ದುಹೋದ್ರು, ಬಹಳ ಹೊತ್ತು ಕುಡಿದ್ರು. ಅಲ್ಲಿಗೇ ಮುಗಿಸಬಹುದಿತ್ತು. ಆದ್ರೆ ಕೊನೇ ನಿಮಿಷದಲ್ಲಿ ರೋಬೋದ ಚೂರುಗಳೆಲ್ಲ ಐಸ್‌ಲ್ಯಾಂಡಿನ ಹಿಮದಲ್ಲಿ ಒಂದೊಂದಾಗಿ ಸೇರ್ಕೊಳ್ಳೋಕೆ ಬರ್ತವೆ, ಅದು ಕಣ್ಣು ಬಿಡುತ್ತೆ. ನನಗೆ ಎದೆ ಧಸಕ್ ಅಂತು, ಈಗ ಈ ಮಗು ಹಾಗಾದ್ರೆ ಅಮ್ಮ ಯಾವಾಗ ಬರ್ತಾಳೆ ಅಂದ್ರೆ ಏನು ಹೇಳ್ಲಿ ಅಂತ. ಪುಟ್ಟ ನನ್ನ ಮುಖ ನೋಡಿ ತಾನೇ ಹೇಳಿದ, 'ಅದು ಮೆಷಿನ್ ಮಾಮ, ಬೋಲ್ಟ್ ಹಾಕಿದ್ರೆ ಸರಿಹೋಗುತ್ತೆ. ಅಮ್ಮ ಮೆಷಿನ್ ಅಲ್ಲ ಅಲ್ವಾ.' ಹ್ಯೂಸ್ ಯಾಕೆ ತನ್ನ ಮಕ್ಕಳಿಗೆ ಕಬ್ಬಿಣದ ಮನುಷ್ಯನ ಕಥೆ ಹೇಳಿದ್ರು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ವಿವರಣೆ ನನಗೆ ಎಲ್ಲೂ ಸಿಕ್ಕಿಲ್ಲ. ತಕರಾರು ವಾಪಸ್ ತಗೋತೀನಿ, ಅರ್ಧ.

ಈಗ ನಮ್ಮವರಿಗೆ. ಭಾವ, ನೀವು ಹುಡುಗನನ್ನ ನಮ್ಮ ಜೊತೆ ಹಂಚ್ಕೊಂಡ್ರಿ, ಅದು ಸುಲಭದ ಮಾತಲ್ಲ, ದೊಡ್ಡ ಮನಸ್ಸು ನಿಮ್ಮದು. ನನ್ನ ಹೆಂಡತಿಗೆ ಇಲ್ಲಿ ಬರೆದ್ರೆ ಬೈತಾಳೆ, ಆದ್ರೂ ಥ್ಯಾಂಕ್ಸ್ ಕಣೆ. ಪುಟ್ಟನ ಕ್ಲಾಸ್ ಮಿಸ್ಸಿಗೆ, ಅವನು ಅಮ್ಮನ ಚಿತ್ರ ಬಿಡಿಸಿದಾಗ 'ಅಳಬೇಡ' ಅನ್ನದೇ 'ಅಮ್ಮನಿಗೆ ಯಾವ ಬಣ್ಣ ಇಷ್ಟ ಇತ್ತು' ಅಂತ ಕೇಳಿದ್ರಂತೆ, ಮಿಸ್, ಅದನ್ನ ನಾವು ಮರೆಯಲ್ಲ. ವಾರ್ಡಲ್ಲಿ ರಾತ್ರಿ ಡ್ಯೂಟಿಯ ಸಿಸ್ಟರ್‌ಗೆ, ಅಕ್ಕನ ತಲೆ ಬಾಚಿ ಜಡೆ ಹಾಕಿ ಫೋಟೋ ತೆಗೆದುಕೊಟ್ಟೋರಿಗೆ. ಸಾಲ ವಾಪಸ್ ಕೇಳದ ಗೆಳೆಯರಿಬ್ಬರಿಗೆ, ಕೊಡ್ತೀನಿ, ಸ್ವಲ್ಪ ಟೈಮ್ ಕೊಡಿ.

ಬರೆದಿದ್ದನ್ನ ಪುಟ್ಟನಿಗೆ ಓದಿ ಹೇಳಿದೆ. ಅವನು ಒಂದಿಷ್ಟು ತಿದ್ದುಪಡಿ ಹೇಳಿದ. ಹೋಗಾರ್ಥ್‌ಗೆ ದನಿ ಕೊಟ್ಟ ಹುಡುಗ ಎಲೈ ಮೇರಿಯಂಥಾಲ್‌ಗೆ ಹೇಳೇ ಇಲ್ಲ ನೀನು, ರೋಬೋಗೆ ದನಿ ಕೊಟ್ಟ ವಿನ್ ಡೀಸೆಲ್‌ಗೂ ಇಲ್ಲ, ರೈಲು ಡ್ರೈವರ್ ತಾತಂದಿರಿಗೂ ಇಲ್ಲ ಅಂದ. (ಆ ತಾತಂದಿರು ಫ್ರ್ಯಾಂಕ್ ಥಾಮಸ್, ಓಲಿ ಜಾನ್‌ಸ್ಟನ್, ಡಿಸ್ನಿಯ ಹಳೇ ದೊಡ್ಡ ಅನಿಮೇಟರ್‌ಗಳು, ಇದರಲ್ಲಿ ಅವರನ್ನೇ ಹೋಲೋ ಥರ ಬಿಡಿಸಿ ಅವರ ಹತ್ರಾನೇ ಮಾತಾಡ್ಸಿದ್ದಾರೆ.) ಎಲ್ಲರಿಗೂ ಥ್ಯಾಂಕ್ಸ್ ಪಾ. ಆದ್ರೆ ಆ ಮಿಸೈಲ್ ಬಿಡ್ಸಿದ ಸರ್ಕಾರಿ ಏಜೆಂಟ್ ಮ್ಯಾನ್ಸ್‌ಲಿಗೆ ಮಾತ್ರ ಹೇಳಕೂಡದು ಅಂತ ಸ್ಟ್ರಿಕ್ಟ್ ಆರ್ಡರ್ ಆಗಿದೆ, ಹಾಗಾಗಿ ಅವನಿಗೆ ದನಿ ಕೊಟ್ಟ ಕ್ರಿಸ್ಟಫರ್ ಮೆಕ್‌ಡೊನಾಲ್ಡ್ ಅವರೇ, ಇದು ನಮ್ಮಿಬ್ಬರ ಮಧ್ಯೆ ಇರ್ಲಿ, ನಿಮಗೂ ಥ್ಯಾಂಕ್ಸ್.