ಮಳೆಗೆ ಮುಂಚೆ ಕಾಡಿನ ಶಿಬಿರಗಳನ್ನು ನೋಡಿ ಬನ್ನಿ

ಮಾನ್ಯ ಸಂಪಾದಕರೇ,

2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಅವುಗಳ ಕಾವಲಿಗೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ, ಕಾಳಿ ಕಾಡುಗಳ ಒಳಗೆ ಕಳ್ಳಬೇಟೆ ತಡೆ ಶಿಬಿರಗಳಿವೆ. ನಾಲ್ಕೈದು ಮಂದಿ ವಾಚರ್‌ಗಳು (ಅರಣ್ಯ ಕಾವಲುಗಾರರು), ಒಂದೆರಡು ಕೋಣೆ, ಸುತ್ತ ಆನೆ ಕಂದಕ. ಇಂಥ ಶಿಬಿರ ಶಿಥಿಲವಾದಾಗ ಅಲ್ಲಿರುವವರಲ್ಲಿ ಹುಟ್ಟುವ ದಿಗಿಲನ್ನು ಪುಕ್ಕಲುತನವೆಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು. ಇವರಲ್ಲಿ ಹಲವರು ಕಾಡಿನಲ್ಲೇ ಬೆಳೆದ ಜೇನುಕುರುಬರು, ಸೋಲಿಗರು. ಆನೆ ಎದುರಾದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರನ್ನು ಕಂಗೆಡಿಸುವುದು ಮುಚ್ಚಿಹೋದ ಕಂದಕ, ಉತ್ತರ ಕೊಡದ ವೈರ್‌ಲೆಸ್, ಹೇಳಿದ ದಿನ ಬಾರದ ಬದಲಿ ಆಳು.

ಆನೆ ಜಿಗಿಯಲಾರದು, ಕಂದಕ ಕೆಲಸ ಮಾಡುವುದೇ ಆ ಕಾರಣಕ್ಕೆ. ಸಾಮಾನ್ಯವಾಗಿ ಮೇಲೆ 3 ಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಆಳ ತೋಡುತ್ತಾರೆ. ಎರಡು ಮಳೆಗಾಲ ಕಳೆದರೆ ಮೆದುಮಣ್ಣಿನ ಜಾಗದಲ್ಲಿ ದಂಡೆ ಕುಸಿದು ತಳ ಮೇಲೇರುತ್ತದೆ. ಒಂದು ಕಡೆ ಕುಸಿದರೂ ಸಾಕು, ಆನೆ ಮುಂಗಾಲಿನಿಂದ ಮಣ್ಣು ದೂಡಿ ಇಳಿಜಾರು ಮಾಡಿಕೊಂಡು ದಾಟಿಬಿಡುತ್ತದೆ. ಆದ್ದರಿಂದ ಸುತ್ತಳತೆ ನೋಡಿ ‘ಕಂದಕ ಇದೆ’ ಎಂದು ಬರೆದುಕೊಂಡು ಬರುವ ತಪಾಸಣೆ ನಿರರ್ಥಕ. ಅತ್ಯಂತ ಕಡಿಮೆ ಆಳ ಎಲ್ಲಿದೆ, ಎಷ್ಟಿದೆ ಎಂಬುದನ್ನು ಅಳೆಯಬೇಕು. ಕಂದಕದ ಮೇಲಿನ ದಾಟುಹಲಗೆ ರಾತ್ರಿ ಒಳಕ್ಕೆ ಎಳೆದುಕೊಳ್ಳುವಷ್ಟು ಹಗುರವಾಗಿರಬೇಕು. ಅಕ್ಕಿ, ಉಪ್ಪು ಮಲಗುವ ಕೋಣೆಯಲ್ಲಿ ಬೇಡ. ಅದರ ವಾಸನೆಗೆ ಬಂದ ಆನೆ ಗೋಡೆಯನ್ನೇ ಕೆಡವುತ್ತದೆ.

ಇನ್ನು ಬ್ಯಾಟರಿ. ನಮ್ಮ ಪ್ರಕಾರ ಶಿಬಿರದ ಜೀವ ಇರುವುದು ಇದರಲ್ಲೇ. ಸೋಲಾರ್ ಫಲಕ ಹಾಕಿದ ವರ್ಷ ಬಿಸಿಲು ಬೀಳುತ್ತಿದ್ದ ಜಾಗಕ್ಕೆ ಮೂರು ವರ್ಷದಲ್ಲಿ ಕೊಂಬೆ ಚಾಚಿರುತ್ತದೆ. ಫಲಕದ ಒಂದು ಮೂಲೆಗೆ ನೆರಳು ಬಿದ್ದರೂ ವಿದ್ಯುತ್ ಬಹಳಷ್ಟು ಇಳಿಯುತ್ತದೆ. ಬ್ಯಾಟರಿಯೊಳಗಿನ ನೀರು ಇಂಗಿ ಪ್ಲೇಟು ಹೊರಗೆ ಕಂಡರೆ ಆ ಭಾಗ ಸತ್ತಂತೆ. ಡಿಸ್ಟಿಲ್ಡ್ ವಾಟರ್ ಮುಗಿದಾಗ ಹಳ್ಳದ ನೀರು ಸುರಿಯುವುದುಂಟು. ಅದರಲ್ಲಿರುವ ಲವಣ ಪ್ಲೇಟನ್ನು ಇನ್ನೂ ಬೇಗ ಕೆಡಿಸುತ್ತದೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಹುಡಿ ಕಟ್ಟಿದ್ದರೆ ವೈರು ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಉಜ್ಜಿ, ಒಣಗಿಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಆ ಸೋಡಾ ನೀರು ಬ್ಯಾಟರಿಯೊಳಗೆ ಒಂದು ಹನಿಯೂ ಹೋಗಬಾರದು. ಫಲಕದಿಂದ ಬಿಡಿಸಿ, ದೀಪ, ವೈರ್‌ಲೆಸ್ ಏನನ್ನೂ ಜೋಡಿಸದೆ ಕೆಲವು ಗಂಟೆ ಬಿಟ್ಟ ಮೇಲೆ ವೋಲ್ಟ್ ಮೀಟರ್ ಇಟ್ಟರೆ ತುಂಬಿದ 12 ವೋಲ್ಟ್ ಬ್ಯಾಟರಿ 12.6ರ ಆಸುಪಾಸು ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. ದಿನವಿಡೀ ಚಾರ್ಜ್ ಮಾಡಿದ ಮೇಲೂ ಅಲ್ಲೇ ನಿಂತರೆ ಫಲಕ, ವೈರು ನೋಡಿ. ಅವು ಸರಿಯಿದ್ದರೆ ಬ್ಯಾಟರಿಯನ್ನೇ ಬದಲಿಸಿ. ಹೆಚ್ಚಿನ ಕಡೆ ದೀಪ, ಮೊಬೈಲ್, ವೈರ್‌ಲೆಸ್ ಎಲ್ಲಕ್ಕೂ ಒಂದೇ ಬ್ಯಾಟರಿ. ಮೋಡ ಕವಿದ ವಾರದಲ್ಲಿ ಮೊಬೈಲ್‌ಗಳು ಅದನ್ನು ಕುಡಿದು ಹಾಕುತ್ತವೆ, ಹಾವು ಕಚ್ಚಿದ ರಾತ್ರಿ ವೈರ್‌ಲೆಸ್ ಮೂಕವಾಗಿರುತ್ತದೆ. ವೈರ್‌ಲೆಸ್‌ಗೆ ಪ್ರತ್ಯೇಕ ಬ್ಯಾಟರಿ, ಪ್ರತ್ಯೇಕ ಸಣ್ಣ ಫಲಕ ಕೊಡಲೇಬೇಕು.

ಚಾವಣಿಯ ತಗಡಿಗೆ ಮೊಳೆ ಹೊಡೆಯುವುದನ್ನು ಬಿಟ್ಟು ಜೆ-ಬೋಲ್ಟ್ (ಕೊಕ್ಕೆಯಂತೆ ಬಾಗಿದ ಬೋಲ್ಟ್), ವಾಷರ್ ಹಾಕಿದರೆ ಗಾಳಿಗೆ ಏಳುವುದಿಲ್ಲ, ಸೋರುವುದೂ ಕಡಿಮೆ. ಚಳಿಗೆ ಬಾಗಿಲು ಮುಚ್ಚಿ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗುವುದನ್ನು ಖಡಾಖಂಡಿತ ನಿಲ್ಲಿಸಬೇಕು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು.

ಆಳಿನ ಲೆಕ್ಕವೂ ಹೀಗೆಯೇ ಕೈಕೊಡುತ್ತದೆ. ಕಾಗದದಲ್ಲಿ ಐವರು. ಇಬ್ಬರು ರಜೆ, ಒಬ್ಬ ರೇಷನ್ ತರಲು ಹೋದ ಅಂದರೆ ಉಳಿದವರು ಇಬ್ಬರೇ. ಇಬ್ಬರೂ ಗಸ್ತಿಗೆ ಹೋದರೆ ಶಿಬಿರ ಖಾಲಿ, ಒಬ್ಬನೇ ಹೋಗುವುದು ಸಲ್ಲ. ಬದಲಿ ಬರುವ ದಿನ ಒಂದೆರಡು ಸಲ ತಪ್ಪಿದರೆ ಆಮೇಲಿನ ಯಾವ ಮಾತನ್ನೂ ಅವರು ನಂಬುವುದಿಲ್ಲ. ಸರಿಯಾಗಿ ನಿದ್ದೆಯಿಲ್ಲದೆ ಚಿಟಿಕೆ ಉಪ್ಪಿಗೂ ಜಗಳ ಶುರುವಾಗುತ್ತದೆ, ಆಮೇಲೆ ಮಾತೇ ನಿಲ್ಲುತ್ತದೆ. ಗಸ್ತಿನ ದಾರಿ ದಿನದಿನಕ್ಕೆ ಶಿಬಿರದ ಸುತ್ತಲೇ ಕುಗ್ಗುತ್ತದೆ. ನಡೆದ ಕಿಲೋಮೀಟರ್ ಲೆಕ್ಕದಲ್ಲಿ ಇದು ಕಾಣದು. ನಕ್ಷೆಯ ಮೇಲೆ ಒಂದು ತಿಂಗಳ ಗಸ್ತಿನ ಗೆರೆಗಳನ್ನು ಒಟ್ಟಿಗೆ ಹಾಕಿ ನೋಡಿದರೆ ಥಟ್ಟನೆ ಕಾಣುತ್ತದೆ. ಹಾಗೆ ಕಂಡಾಗ ನೋಟಿಸ್ ಕೊಡುವ ಮೊದಲು ಆ ಶಿಬಿರಕ್ಕೆ ಹೋಗಿ ಒಂದು ರಾತ್ರಿ ತಂಗಿ ಎಂದು ಅಧಿಕಾರಿಗಳಲ್ಲಿ ನಮ್ಮ ಕಳಕಳಿಯ ವಿನಂತಿ.

ಮೇ ಮುಗಿಯುವುದರೊಳಗೆ ಕಂದಕ, ಬ್ಯಾಟರಿ, ಚಾವಣಿಯ ಕೆಲಸ ಆಗಬೇಕು. ಜೂನ್ ನಂತರ ಎಷ್ಟೋ ದಾರಿಗಳಲ್ಲಿ ಜೀಪು ಹೂತುಕೊಳ್ಳುತ್ತದೆ. ಬೆಳಿಗ್ಗೆ, ಸಂಜೆ ಗೊತ್ತಾದ ಹೊತ್ತಿಗೆ ರೇಂಜ್ (ಅರಣ್ಯ ವಲಯ) ಕಚೇರಿಯಿಂದ ವೈರ್‌ಲೆಸ್ ಕರೆ ಹೋಗಬೇಕು. ಸತತ ಎರಡು ಕರೆಗೆ ಶಿಬಿರ ಉತ್ತರಿಸದಿದ್ದರೆ ಯಾರ ಅಪ್ಪಣೆಗೂ ಕಾಯದೆ ವಾಹನ ಹೊರಡಬೇಕು, ಅದರಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಇಬ್ಬರು ಬದಲಿ ಆಳುಗಳೂ ಇರಬೇಕು.

– ಕೆಲವು ನಿವೃತ್ತ ಅರಣ್ಯ ಸಿಬ್ಬಂದಿ